ಮೊದಲ ಪುಸ್ತಕ ಪಂಜೆಯವರದಾಗಲಿ

ಪಠ್ಯಪುಸ್ತಕದ ಆಚೆಗೆ ನಮ್ಮ ಮಕ್ಕಳು ಓದಬೇಕಾದ ಮೊದಲ ಕನ್ನಡ ಪುಸ್ತಕ ಯಾವುದು? ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಪಾಲಕರು ಈ ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಾರೆ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ದುಡಿಯುವ ನನ್ನ ಪಕ್ಷಗಾರರಂತೂ ಪಿ.ಎಫ್. ಕಾಗದಪತ್ರದ ಮಾತು ಮುಗಿದು ಎದ್ದು ಹೊರಡುವಾಗ, ಬಾಗಿಲಲ್ಲಿ ನಿಂತು ಹೇಳುವುದು ಇದನ್ನೇ: “ವಕೀಲಸಾಹೇಬರ, ಹುಡುಗಗ ಓದಾಕ ಛಲೋದು ಏನರ ಹೇಳ್ರಿ.” ಹಲವು ವರ್ಷಗಳಿಂದ ನನ್ನ ಉತ್ತರ ಒಂದೇ. ಪಂಜೆ ಮಂಗೇಶರಾಯರ ಕಥೆಗಳು.

ಈ ಉತ್ತರ ಕೇಳಿದವರಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ಪಂಜೆಯವರು ಮಂಗಳೂರ ಕಡೆಯವರು, ನಾವು ಬಯಲುಸೀಮೆಯವರು. ಅವರು ಹುಟ್ಟಿ ನೂರೈವತ್ತು ವರ್ಷಗಳು ಕಳೆದಿವೆ. ಅವರ ಕನ್ನಡವೂ ನಮ್ಮ ಕನ್ನಡವೂ ಒಂದೇ ಅಲ್ಲ. ಸಮುದ್ರ, ಸಿಗಡಿ, ಗದ್ದೆ, ಕಂಬಳಗಳ ಲೋಕವನ್ನು ಬಿಳಿಜೋಳದ ಹೊಲಗಳ ನಡುವೆ ಬೆಳೆದ ಮಗುವಿನ ಮುಂದೆ ಇಟ್ಟರೆ ಏನು ಪ್ರಯೋಜನವೆಂಬ ಸಂದೇಹ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಅವರ ಜೀವನದ ಕುರಿತು ನಾಲ್ಕು ಮಾತು. ಪಂಜೆಯವರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದರು. ಮನೆಯೊಳಗೆ ಆಡುತ್ತಿದ್ದ ಮಾತು ಕೊಂಕಣಿ, ಬೀದಿಯಲ್ಲಿ ಕೇಳುತ್ತಿದ್ದ ಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ನಮ್ಮ ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದಂತೆ. ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿದ ಪಂಜೆಯವರು ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯಸ್ಥರಾದರು. ಕೊಡಗು ಆಗ ಪ್ರತ್ಯೇಕ ಪ್ರಾಂತ. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿ ಬಂದಾಗ ಸಮ್ಮೇಳನ ನೆರೆದ ರಾಯಚೂರು ನಿಜಾಮರ ಸೀಮೆಯಲ್ಲಿತ್ತು. ಹೀಗೆ ಕನ್ನಡ ಮಕ್ಕಳ ಸಾಹಿತ್ಯಕ್ಕೆ ತಳಪಾಯ ಹಾಕಿದ ಮನುಷ್ಯ ಕನ್ನಡದ ರಾಜಧಾನಿ ಎನ್ನಿಸಿಕೊಂಡ ಯಾವ ಊರಿನಲ್ಲಿಯೂ ನೌಕರಿ ಮಾಡಿದವರಲ್ಲ. ಕನ್ನಡವನ್ನು ತಾಯಿಯ ತೊಡೆಯ ಮೇಲೆ ಕಲಿತವರೂ ಅಲ್ಲ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬ ಪರಿಸ್ಥಿತಿ ಮಗುವಿನ ಕನ್ನಡವನ್ನು ಕೆಡಿಸುತ್ತದೆಂದು ಅಂಜುವ ಪಾಲಕರಿಗೆ ಪಂಜೆಯವರ ಬಾಲ್ಯವನ್ನು ತೋರಿಸಬೇಕು.

ಅವರು ಮಕ್ಕಳಿಗಾಗಿ ಬರೆಯತೊಡಗಿದ್ದು ಗ್ರಂಥಕರ್ತನೆನ್ನಿಸಿಕೊಳ್ಳುವ ಹಂಬಲದಿಂದಲ್ಲ. ತರಗತಿಯಲ್ಲಿ ಓದಿಸಲು ತಕ್ಕ ಪದ್ಯಗಳಿರಲಿಲ್ಲ, ಕಥೆಗಳಿರಲಿಲ್ಲ. ಇದ್ದವು ಹಳಗನ್ನಡದ ಕಗ್ಗಂಟುಗಳು, ಇಲ್ಲವೆ ಒಣ ನೀತಿಪಾಠಗಳು. ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಶಾಲಾ ಪದ್ಯಪುಸ್ತಕಗಳಲ್ಲಿ ಅವರ ಪದ್ಯಗಳು ಅಚ್ಚಾದವು. ತಮ್ಮನ್ನು ಅವರು ‘ಕವಿಶಿಷ್ಯ’ನೆಂದು ಕರೆದುಕೊಂಡರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳ ಪುಸ್ತಕವನ್ನು ಹಿರಿಯರ ಪುಸ್ತಕದಷ್ಟೇ ಎಚ್ಚರದಿಂದ ಬರೆಯಬೇಕೆಂಬ ಪದ್ಧತಿಯನ್ನು ಹಾಕಿಕೊಟ್ಟರು.

ಕಥೆಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ನಾನು ಕೊಡುವುದು ‘ಸಿಗಡಿ ಯಾಕೆ ಒಣಗಲಿಲ್ಲ’. ಸಿಗಡಿ ಎಂದರೇನೆಂದು ನಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. ವಾರದ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಸುಕಟವನ್ನು ತೋರಿಸಿದರೆ ಸಾಕು. ತಿನ್ನದ ಮನೆಯವರೂ ಅದರ ವಾಸನೆಯನ್ನು ಬಲ್ಲರು. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ. ತಪ್ಪು ಯಾರದು? ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಬೆರಳು ಮಾಡುತ್ತಾರೆ, ಅವರನ್ನು ಕೇಳಿದರೆ ಮತ್ತೊಬ್ಬರತ್ತ. ಪ್ರಶ್ನೆ ಮುಂದೆ ಮುಂದೆ ಸಾಗುತ್ತದೆ. ವೃತ್ತಿಯಿಂದ ವಕೀಲನಾದ ನನಗೆ ಈ ಕಥೆಯ ಮೇಲೆ ವಿಶೇಷ ಪ್ರೀತಿ. ಪಾಟೀಸವಾಲು ಎಂದರೆ ಏನೆಂಬುದನ್ನು ಆರು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಬರಹವನ್ನು ನಾನು ಕಂಡಿಲ್ಲ. ಪ್ರತಿಯೊಬ್ಬ ಸಾಕ್ಷಿಯೂ ಹೇಳುವುದು ನಿಜ. ಆದರೂ ಪ್ರತಿಯೊಬ್ಬನೂ ಹೊಣೆಯನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಾನೆ. ತಾಲೂಕು ಕಚೇರಿಯಲ್ಲಿ ಒಂದು ಉತಾರೆಗಾಗಿ ಮೇಜಿನಿಂದ ಮೇಜಿಗೆ ಅಲೆದವರು ಈ ಕಥೆಯನ್ನು ಮಕ್ಕಳಿಗಿಂತ ಹೆಚ್ಚು ಆಸ್ವಾದಿಸುವರು.

ಇದೇ ಬಗೆಯ ಕಥೆ ನಮ್ಮ ಸೊಲ್ಲಾಪುರದ ಪೂರ್ವಭಾಗದಲ್ಲಿ ತೆಲುಗು ಆಡುವ ನೇಕಾರರ ಮನೆಗಳಲ್ಲಿಯೂ ಉಂಟು. ತೆಲುಗಿನಲ್ಲಿ ಅದು ಏಳು ಮೀನುಗಳ ಕಥೆ. ರಾಜನ ಏಳು ಮಕ್ಕಳು ಬೇಟೆಗೆ ಹೋಗಿ ಏಳು ಮೀನು ತಂದು ಒಣಗಹಾಕುತ್ತಾರೆ. ಆರು ಒಣಗುತ್ತವೆ, ಒಂದು ಒಣಗುವುದಿಲ್ಲ. ಬಣವೆ ಅಡ್ಡವಾಯಿತೆಂದು ಮೀನು ಹೇಳುತ್ತದೆ; ಆಕಳು ಮೇಯಲಿಲ್ಲವೆಂದು ಬಣವೆ, ದನಗಾಹಿ ಮೇವು ಹಾಕಲಿಲ್ಲವೆಂದು ಆಕಳು, ಅಜ್ಜಿ ಉಣ್ಣಲಿಕ್ಕೆ ಕೊಡಲಿಲ್ಲವೆಂದು ದನಗಾಹಿ, ಕೂಸು ಅತ್ತಿತೆಂದು ಅಜ್ಜಿ, ಇರುವೆ ಕಚ್ಚಿತೆಂದು ಕೂಸು. ಕೊನೆಗೆ ಇರುವೆಯನ್ನು ಕೇಳಿದರೆ ಅದು ತಲೆ ತಗ್ಗಿಸುವುದಿಲ್ಲ. ತನ್ನ ಬಂಗಾರದಂಥ ಗೂಡಿನೊಳಗೆ ಬೆರಳು ತೂರಿಸಿದರೆ ಕಚ್ಚದಿರುವುದುಂಟೆ ಎಂದು ತಿರುಗಿ ಕೇಳುತ್ತದೆ. ಕನ್ನಡ ಶಾಲೆಯಲ್ಲಿ ಕಲಿಯುವ ಮಗು ಪಂಜೆಯವರ ಕಥೆಯನ್ನು ಓದಿ, ಪಕ್ಕದ ಮನೆಯ ತೆಲುಗು ಗೆಳೆಯನಿಂದ ಈ ಕಥೆಯನ್ನು ಕೇಳಿ, ಎರಡನ್ನೂ ಹೋಲಿಸಿ ನೋಡುವ ಅನುಕೂಲ ಬೆಂಗಳೂರಿನ ಎಷ್ಟು ಮಕ್ಕಳಿಗೆ ಉಂಟು?

ಇಂಥ ಸರಪಳಿ ಕಥೆಗಳ ಇನ್ನೊಂದು ಉಪಯೋಗವನ್ನು ಶಿಕ್ಷಕರು ಬಲ್ಲರು. ಒಂದೇ ವಾಕ್ಯ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಮರಳಿ ಮರಳಿ ಬರುವುದರಿಂದ, ಒತ್ತಕ್ಷರದ ಮುಂದೆ ತಡವರಿಸುವ ಮಗುವೂ ಮೂರನೆಯ ಸುತ್ತಿಗೆ ಧೈರ್ಯದಿಂದ ದನಿಗೂಡಿಸುತ್ತದೆ. ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಕಥೆಯೂ ಇದೇ ಜಾತಿಯದು. ಅಲ್ಲಿ ದಾಟುತ್ತ ಹೋಗುವುದು ತಪ್ಪಲ್ಲ, ದುಃಖ. ಒಂದು ಹೇನು ಸತ್ತಿತೆಂದು ಕಾಗೆ ಮರುಗುತ್ತದೆ, ಆ ಮರುಕ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಹೇನೆಂಬ ಶಬ್ದ ಕೇಳಿ ಮೂಗು ಮುರಿಯುವ ತಾಯಂದಿರು ಮಗಳ ತಲೆ ಹಣಿಗೆಯಿಂದ ಬಾಚುವಾಗಲೇ ಇದನ್ನು ಹೇಳಿ ನೋಡಬಹುದು.

‘ಇಲಿಗಳ ಥಕಥೈ’, ‘ಮೂರು ಕರಡಿಗಳು’ ಇವೆರಡೂ ಇಂಗ್ಲಿಷಿನಿಂದ ಬಂದ ಕಥೆಗಳು. ಮೊದಲನೆಯದರ ಮೂಲ ಬ್ರೌನಿಂಗ್ ಕವಿಯ ಕಾವ್ಯ; ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೂ ಅದೇ ಮೂಲ. ಪಂಜೆಯವರ ಕೈಯಲ್ಲಿ ಇಲಿಗಳು ಕನ್ನಡ ನೆಲದ ಇಲಿಗಳೇ ಆಗಿಬಿಟ್ಟಿವೆ. ಇಂಗ್ಲಿಷ್ ಶಾಲೆಯ ಮಕ್ಕಳ ಮುಂದೆ ನಮ್ಮ ಮಕ್ಕಳು ಕೀಳರಿಮೆಯಿಂದ ನಿಲ್ಲುತ್ತಾರೆಂದು ಚಿಂತಿಸುವವರು ಈ ಎರಡನ್ನು ಕೊಡಲಿ. ಆ ಮಕ್ಕಳು ಇಂಗ್ಲಿಷಿನಲ್ಲಿ ಓದುವ ಕಥೆಯನ್ನೇ ಇವರು ಕನ್ನಡದಲ್ಲಿ ಓದಿರುತ್ತಾರೆ.

ಇವೆಲ್ಲವನ್ನೂ ಮೀರಿದ ಕೃತಿ ‘ಕೋಟಿ ಚೆನ್ನಯ’. ಇದನ್ನು ಚಿಕ್ಕ ಮಕ್ಕಳಿಗೆ ಕೊಡಬಾರದು. ಹತ್ತು ತುಂಬಿದ ಮೇಲೆ ಕೊಡಬೇಕು. ತುಳುನಾಡಿನಲ್ಲಿ ಪಾಡ್ದನಗಳಾಗಿ ಬಾಯಿಂದ ಬಾಯಿಗೆ ಹರಿದುಬಂದ ಬಿಲ್ಲವ ಕುಲದ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯಕ್ಕೆ ತಂದರು. ತಾಯಿ ದೇಯಿ ಮದ್ದು ಬಲ್ಲವಳು. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿನ ಹುಣ್ಣನ್ನು ವಾಸಿಮಾಡಿ ಅವನ ಪ್ರಾಣ ಉಳಿಸುತ್ತಾಳೆ. ಅವನು ಮಾತು ಕೊಡುತ್ತಾನೆ. ಅವಳು ಅವಳಿ ಮಕ್ಕಳನ್ನು ಹೆತ್ತು ಕಣ್ಣುಮುಚ್ಚುತ್ತಾಳೆ. ಮಕ್ಕಳು ಬೆಳೆದು ನಿಂತು ಆ ಮಾತನ್ನು ಸಲ್ಲಿಸೆಂದು ಕೇಳಿದಾಗ ಬಲ್ಲಾಳ ಹಿಂಜರಿಯುತ್ತಾನೆ. ನಡುವೆ ಬುದ್ಧಿವಂತನೊಡನೆ ಗದ್ದೆಯ ಜಗಳ, ಕೊಲೆ, ಊರು ತೊರೆಯುವುದು, ಎಣ್ಮೂರಿನಲ್ಲಿ ಆಶ್ರಯ, ಯುದ್ಧ. ಕೊನೆಗೆ ಕೋಟಿಯ ಪ್ರಾಣ ತೆಗೆಯುವ ಬಾಣ ಪೆರುಮಾಳ ಬಲ್ಲಾಳನದೇ.

ನಮ್ಮ ತಾಲೂಕಿನ ದಿವಾಣಿ ನ್ಯಾಯಾಲಯಗಳಲ್ಲಿ ಬಾಂದದ ಜಗಳಗಳು ಹೇಗೆ ಹುಟ್ಟಿ ಹೇಗೆ ಫೌಜದಾರಿಯಾಗಿ ತಿರುಗುತ್ತವೆಂಬುದನ್ನು ಬಲ್ಲವನಿಗೆ ಈ ಕಥೆ ದೂರದ್ದೆನ್ನಿಸುವುದಿಲ್ಲ. ಮಗು ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಮಾತು ಮುರಿದವರು ಯಾರು? ಉತ್ತರ ಸುಲಭವಾಗಿ ಬರುವುದಿಲ್ಲ. ವೀರರ ಪಕ್ಷ ವಹಿಸುವ ಮಗುವೂ ಅವರ ಕೈಯ ರಕ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಇಬ್ಬರಿಗೂ ಪೂಜೆ ಸಲ್ಲುತ್ತದೆ ಎಂಬುದನ್ನು ಹೇಳುವಾಗ, ಅಂದಿನ ಸಮಾಜದಲ್ಲಿ ಅವರ ಕುಲದವರಿಗಿದ್ದ ಸ್ಥಾನ ಯಾವುದೆಂಬುದನ್ನೂ ಮರೆಮಾಚದೆ ಹೇಳಬೇಕು. ಆಗ ಮಾತ್ರ ಬಲ್ಲಾಳನ ಹಿಂಜರಿತದ ಅರ್ಥ ತಿಳಿದೀತು.

ಪದ್ಯಗಳ ವಿಷಯ ಬೇರೆ. ‘ನಾಗರಹಾವೆ’ ಪದ್ಯವನ್ನು ಅಜ್ಜ ಅಜ್ಜಿಯರು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಹಾವಿನ ಸೊಬಗಿಗೆ ಬೆರಗಾಗುತ್ತಲೇ ಅದಕ್ಕೆ ಹೆದರುವ ಮಗುವಿನ ಮನಸ್ಸು ಅದರಲ್ಲಿದೆ. ಪಂಚಮಿಯ ಜೋಕಾಲಿ ಕಟ್ಟಿದ ದಿನ ಹಾಡಿದರೆ ಸೊಗಸು. ಪರೀಕ್ಷೆಗೆಂದು ಉರುಹೊಡೆಸಿದರೆ ಆ ಬೆರಗು ಸತ್ತುಹೋಗುತ್ತದೆ. ‘ತೆಂಕಣ ಗಾಳಿಯಾಟ’ವನ್ನು ಮಾತ್ರ ದೊಡ್ಡ ದನಿಯಲ್ಲಿ, ನಿಂತುಕೊಂಡು ಓದಬೇಕು. ಸಮುದ್ರ ಕಾಣದ ಮಗುವಿಗೂ ಅದರ ಶಬ್ದದಲ್ಲಿಯೇ ಬಿರುಗಾಳಿ ಕೇಳಿಸುತ್ತದೆ. ಅರ್ಥವನ್ನು ಆಮೇಲೆ ಹೇಳಿದರಾಯಿತು. ‘ಹುತ್ತರಿ ಹಾಡು’ ಕೊಡಗಿನ ಸುಗ್ಗಿಯ ಹಬ್ಬಕ್ಕೆ ಸಂಬಂಧಿಸಿದ್ದು. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಮ್ಮ ಮಕ್ಕಳಿಗೆ, ಬೇರೆ ಸೀಮೆಯ ಕನ್ನಡಿಗರೂ ಬೆಳೆಯ ಮುಂದೆ ಹೀಗೆ ಹಬ್ಬ ಮಾಡುತ್ತಾರೆಂದು ತಿಳಿಯಲಿ. ‘ಡೊಂಬರ ಚೆನ್ನೆ’ಯನ್ನು ತರಗತಿಯಲ್ಲಿ ಓದಿಸುವಾಗ ಶಿಕ್ಷಕರು ಎಚ್ಚರ ವಹಿಸಬೇಕು. ಆ ಸಮುದಾಯದ ಮಕ್ಕಳು ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಶೀರ್ಷಿಕೆಯೇ ಆಟದ ಹೊತ್ತಿನಲ್ಲಿ ಅಡ್ಡಹೆಸರಾಗಿಬಿಡಬಹುದು.

ಇನ್ನು ಅಡಚಣೆಯ ಮಾತು. ಪುಸ್ತಕಗಳು ಎಲ್ಲಿ ಸಿಗುತ್ತವೆ? ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ. ಅವು ಶಾಲೆಗೆ ಬರುತ್ತವೆ. ಕನ್ನಡ ಕಥೆಪುಸ್ತಕ ಬೇಕಾದರೆ ವಿಜಯಪುರಕ್ಕೋ ಕಲಬುರಗಿಗೋ ಹೋದವರ ಕೈಯಲ್ಲಿ ಹೇಳಿಕಳಿಸಬೇಕು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿತು. ಅದರ ಬಲದಿಂದ ಶಾಲೆಯನ್ನು ಕೇಳಬಹುದು. ಮಗು ರಾತ್ರಿ ಮಲಗುವ ಮುನ್ನ ಓದುವ ಕಥೆಪುಸ್ತಕ ಅದರಿಂದ ತಾನಾಗಿ ಬಾರದು.

ಆದರೆ ಪಂಜೆಯವರ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ. ಈ ಸಂಗತಿ ನಮ್ಮ ಶಾಲೆಗಳಲ್ಲಿ ಬಹುಮಂದಿಗೆ ತಿಳಿದಂತೆ ಕಾಣದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಜೀವಿತಾವಧಿಯಲ್ಲಿ ಪ್ರಕಟವಾದ ಬರಹದ ಹಕ್ಕು ಅವನು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ನಿಶ್ಚಿತ ವರ್ಷಗಳವರೆಗೆ ಮಾತ್ರ ಉಳಿಯುತ್ತದೆ. ಆ ಅವಧಿ ಮೊದಲು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವಂತಿದ್ದಾಗ ಅದನ್ನು 60ಕ್ಕೆ ಏರಿಸಿದರು. ಪಂಜೆಯವರು ತೀರಿಕೊಂಡದ್ದು 1937ರ ಅಕ್ಟೋಬರದಲ್ಲಿ. ಐವತ್ತರ ಲೆಕ್ಕ ಹಿಡಿದರೆ 1987ರ ಕೊನೆಗೆ, ಅರವತ್ತರ ಲೆಕ್ಕ ಹಿಡಿದರೂ 1997ರ ಕೊನೆಗೆ ಹಕ್ಕು ಮುಗಿಯಿತು. ಅವರ ಕಾಲದಲ್ಲಿ ಅಚ್ಚಾದ ಕಥೆ, ಪದ್ಯಗಳು ಈಗ ಸಾರ್ವಜನಿಕರ ಸೊತ್ತು. ಯಾವ ಶಾಲೆಯಾದರೂ, ಯಾವ ತರುಣ ಮಂಡಲವಾದರೂ ಯಾರ ಅಪ್ಪಣೆಯನ್ನೂ ಕೇಳದೆ ಅವನ್ನು ಅಚ್ಚುಹಾಕಬಹುದು, ಹಂಚಬಹುದು, ಮಾರಲೂಬಹುದು.

ಎರಡು ಎಚ್ಚರಿಕೆ. ಇತ್ತೀಚಿನ ಆವೃತ್ತಿಗಳಲ್ಲಿರುವ ಚಿತ್ರಗಳು, ಸಂಪಾದಕರ ಮುನ್ನುಡಿ, ಟಿಪ್ಪಣಿಗಳು ಪಂಜೆಯವರದಲ್ಲ. ಅವುಗಳ ಹಕ್ಕು ಬೇರೆಯವರದು, ಅವನ್ನು ನಕಲು ಮಾಡಬಾರದು. ಅವರ ಮರಣಾನಂತರ ಮೊದಲ ಬಾರಿಗೆ ಪ್ರಕಟವಾದ ಬರಹವೇನಾದರೂ ಇದ್ದರೆ ಅದರ ಲೆಕ್ಕ ಪ್ರಕಟಣೆಯ ವರ್ಷದಿಂದ ಆರಂಭವಾಗುತ್ತದೆ. ಈ ಸೌಲಭ್ಯವನ್ನು ಎಲ್ಲ ಲೇಖಕರಿಗೂ ವಿಸ್ತರಿಸಿಕೊಂಡು ಬಿಡಬೇಡಿ. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಕುವೆಂಪು 1994ರಲ್ಲಿ, ಶಿವರಾಮ ಕಾರಂತರು 1997ರಲ್ಲಿ. ಸಾಮಾನ್ಯ ನಿಯಮದಂತೆ ಅವರ ಕೃತಿಗಳಿಗೆ ಕ್ರಮವಾಗಿ 2039, 2054, 2057ರ ಕೊನೆಯವರೆಗೆ ರಕ್ಷಣೆ ಉಂಟು. ಅವರ ಪುಸ್ತಕಗಳನ್ನು ಕೊಂಡೇ ಓದಬೇಕು. ತರಗತಿಯ ಪಾಠದ ಸಲುವಾಗಿ ಶಿಕ್ಷಕರು ಪುಟಗಳ ನಕಲು ತೆಗೆಯುವುದಕ್ಕೆ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದ್ದು, 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಅದನ್ನು ಉದಾರವಾಗಿಯೇ ಅರ್ಥೈಸಿತು. ಅದು ಪಾಠಕ್ಕಷ್ಟೇ, ಪುಸ್ತಕ ವ್ಯಾಪಾರಕ್ಕಲ್ಲ.

ಇನ್ನೊಂದು ಕಾಯ್ದೆಯನ್ನೂ ಪಾಲಕರು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕೆಂದು ಹೇಳಿ, ಅದರಲ್ಲಿ ಪತ್ರಿಕೆ, ಪುಸ್ತಕಗಳ ಜೊತೆಗೆ ಕಥೆಪುಸ್ತಕಗಳನ್ನೂ ಹೆಸರಿಸಿಯೇ ಸೇರಿಸಿದೆ. ಕನ್ನಡ ಶಾಲೆಯ ಕಪಾಟಿನಲ್ಲಿ ಕನ್ನಡ ಕಥೆಪುಸ್ತಕವಿರಬೇಕೆಂದು ಕೇಳುವುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ. ಜಿಲ್ಲಾ ಪರಿಷತ್ತಿನ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಭೆ ನಡೆದಾಗ ಬರಿಯ ಸಹಿ ಹಾಕಿ ಬರಬೇಡಿ. ‘ಕನ್ನಡ ಕಥೆಪುಸ್ತಕ ಖರೀದಿ’ ಎಂಬ ಒಂದು ಸಾಲನ್ನು ಠರಾವಿನಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಭಾಷಿಕ ಅಲ್ಪಸಂಖ್ಯಾತರ ಸಂಸ್ಥೆಗಳು ನಡೆಸುವ ಶಾಲೆಗಳು ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪಿನಂತೆ ಈ ಕಾಯ್ದೆಯ ಹೊರಗೆ ಉಳಿದವು. ಅಲ್ಲಿ ಕಾನೂನನ್ನು ತೋರಿಸುವ ಬದಲು ಕೈಮುಗಿದು ಕೇಳಬೇಕಷ್ಟೇ. ಕನ್ನಡಕ್ಕಾಗಿಯೇ ಹುಟ್ಟಿದ ಸಂಸ್ಥೆಗಳು ಇಲ್ಲವೆನ್ನಲಾರವೆಂದು ನನ್ನ ನಂಬಿಕೆ.

ಅಚ್ಚುಹಾಕುವವರಿಗೆ ಒಂದೆರಡು ಸೂಚನೆ. ಒಮ್ಮೆಲೇ ದೊಡ್ಡ ಸಂಪುಟಕ್ಕೆ ಕೈಹಾಕದೆ ಮೊದಲು ‘ಸಿಗಡಿ’ ಮತ್ತು ‘ಹೇನು’ ಎರಡೇ ಕಥೆಗಳ ಚಿಕ್ಕ ಪುಸ್ತಿಕೆ ಮಾಡಿ. ಒಂದರಿಂದ ಮೂರನೆಯ ಇಯತ್ತೆಯವರೆಗೆ ಅದು ಸಾಕು. ಮೂಲದ ಶಬ್ದಗಳನ್ನು ನಮ್ಮ ಕಡೆಯ ಮಾತಿಗೆ ತಿದ್ದಬೇಡಿ. ತಿಳಿಯದ ಶಬ್ದಕ್ಕೆ ಪುಟದ ಕೆಳಗೆ ನಮ್ಮ ಶಬ್ದವನ್ನು ಕೊಟ್ಟರಾಯಿತು. ಅಕ್ಷರ ದಪ್ಪಗಿರಲಿ, ಸಾಲುಗಳ ನಡುವೆ ಜಾಗವಿರಲಿ. ಬಣ್ಣದ ಚಿತ್ರಗಳಿಗೆ ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಎಡಗಡೆಯ ಪುಟವನ್ನು ಖಾಲಿ ಬಿಡಿಸಿ. ಸಿಗಡಿಯ ಚಿತ್ರವನ್ನು ಮಕ್ಕಳೇ ಬರೆದುಕೊಳ್ಳಲಿ, ಅದು ಸಂತೆಯ ಸುಕಟದಂತೆ ಕಂಡರೂ ಚಿಂತೆಯಿಲ್ಲ.